ಆಲೆಮನೆಯ ಸೀಮೆಯಲ್ಲಿ ಏಲಿನ ಅಂಕಪಟ್ಟಿ



ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ‘ಆಲೆ’ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಕಬ್ಬನ್ನು ಅರೆದು ಹಾಲು ತೆಗೆಯುವ ಗಾಣವೇ ಆಲೆ. ಆ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವ ಸ್ಥಳವೇ ಆಲೆಮನೆ. ಇಂಗ್ಲೆಂಡಿನಲ್ಲಿ ಬಾರ್ಲಿಯಿಂದ ತಯಾರಾಗುವ ಒಂದು ಬಗೆಯ ಬಿಯರಿಗೆ ‘ಏಲ್’ ಎಂದು ಹೆಸರು. ಅದರ ಇಂಗ್ಲಿಷ್ ಅಕ್ಷರಗಳನ್ನು ಕನ್ನಡದ ಮಗುವೊಂದು ಇದ್ದಂತೆಯೇ ಓದಿದರೆ ‘ಆಲೆ’ ಎಂದೇ ಓದೀತು. ಅಕ್ಷರ ಒಂದೇ ಆದರೂ ಒಂದು ಮನೆ ತುಂಬುವ ಸಿಹಿ, ಇನ್ನೊಂದು ಮತಿಯನ್ನು ಮಂಕಾಗಿಸುವ ಕಹಿ. ಆಲೆಯ ನಾಡಿನ ಮಕ್ಕಳು ಇಂದು ಏಲಿನ ಡಬ್ಬಿಯನ್ನು ಮುಂದಿಟ್ಟುಕೊಂಡು, ಒಂದೊಂದು ಗುಟುಕಿಗೂ ಅಂಕ ಕೊಡುತ್ತ ಕುಳಿತಿರುವುದು ಸದ್ಭಕ್ತರೆಲ್ಲರೂ ವಿಚಾರ ಮಾಡಲೇಬೇಕಾದ ಸಂಗತಿಯಾಗಿದೆ.

ಇದು ಎಲ್ಲೋ ದೂರದ ಮಹಾನಗರದ ಮಾತೆಂದು ತಳ್ಳಿಹಾಕುವಂತಿಲ್ಲ. ಕೃಷ್ಣರಾಜಪೇಟೆಯ ರೈತನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರುತ್ತಾನೆ. ನಾಗಮಂಗಲದ ಶಿಕ್ಷಕನ ಮಗ ಬ್ರಿಟನ್ನಿಗೆ ಓದಲು ಹೋಗುತ್ತಾನೆ. ಯುಗಾದಿಗೋ ದೀಪಾವಳಿಗೋ ಊರಿಗೆ ಬರುವಾಗ ಅವನ ಚೀಲದಲ್ಲಿ ನಾಲ್ಕು ಡಬ್ಬಿಗಳಿರುತ್ತವೆ. ತೋಟದ ಮನೆಯಲ್ಲಿ ಗೆಳೆಯರು ಸೇರುತ್ತಾರೆ. ಗಾಜಿನ ಲೋಟಕ್ಕೆ ಸುರಿದು, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಮೂಗಿನ ಬಳಿ ತಂದು ಪರಿಮಳ ಹೀರುತ್ತಾರೆ. ನಾಲಗೆಯ ಮೇಲೆ ಹೊರಳಿಸಿ ‘ಕ್ಯಾರಮೆಲ್ ಇದೆ, ಒಣಹುಲ್ಲಿನ ವಾಸನೆ ಇದೆ, ಕೊನೆಯಲ್ಲಿ ಕಹಿ ನಿಲ್ಲುತ್ತದೆ’ ಎಂದು ತೀರ್ಪು ಕೊಡುತ್ತಾರೆ. ಬಳಿಕ ಮೊಬೈಲಿನಲ್ಲಿ ಐದಕ್ಕೆ ಮೂರೂಮುಕ್ಕಾಲು ಎಂದು ನಮೂದಿಸುತ್ತಾರೆ. ಇದನ್ನು ಅವರು ಕುಡಿತವೆಂದು ಕರೆಯುವುದಿಲ್ಲ. ‘ಟೇಸ್ಟಿಂಗ್’ ಎನ್ನುತ್ತಾರೆ. ಹೆಸರು ಬದಲಾದೊಡನೆ ಕ್ರಿಯೆಯೂ ಬದಲಾಯಿತೆಂಬ ಭ್ರಮೆಯೇ ಈ ವಿಚಾರದ ಮೂಲ.

ಪ್ರತಿಪಕ್ಷದ ಮಾತನ್ನು ಮೊದಲು ಪೂರ್ಣವಾಗಿ ಕೇಳುವುದು ಶರಣಮಾರ್ಗ. ಅನುಭವ ಮಂಟಪದಲ್ಲಿ ಪ್ರಶ್ನಿಸುವವನಿಗೂ ಆಸನವಿತ್ತು. ಏಲಿಗೆ ಅಂಕ ಕೊಡುವವರು ಹೇಳುವುದಿಷ್ಟು: ತಾವು ಕುಡುಕರಲ್ಲ, ರಸಜ್ಞರು. ಕುಡುಕನಿಗೆ ಅಮಲು ಬೇಕು, ತಮಗೆ ರುಚಿ ಬೇಕು. ಏಲಿನಲ್ಲಿರುವ ಮದ್ಯಸಾರ ಶೇಕಡಾ ನಾಲ್ಕೋ ಐದೋ ಮಾತ್ರ. ಯೀಸ್ಟ್, ಬಾರ್ಲಿ, ಹಾಪ್ಸ್, ನೀರು ಇವುಗಳ ಸಂಯೋಗವನ್ನು ಅರಿಯುವುದು ಒಂದು ವಿದ್ಯೆ. ವಿದ್ಯೆಯನ್ನು ಹಳಿಯುವುದು ಅವಿದ್ಯೆ. ಇಷ್ಟಕ್ಕೂ ತಮ್ಮ ದುಡಿಮೆಯ ಹಣದಲ್ಲಿ ಯಾರಿಗೂ ತೊಂದರೆಯಾಗದಂತೆ ಸೇವಿಸಿದರೆ ದೋಷವೇನು? ಈ ವಾದಗಳಲ್ಲಿ ಕೆಲವು ಸತ್ಯಾಂಶಗಳಿವೆ. ಅವುಗಳನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಏಲಿನ ತಯಾರಿಕೆ ನಿಜಕ್ಕೂ ಒಂದು ಕುಶಲ ಕರ್ಮ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ, ಹದವಾಗಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಯಿಟ್ಟು ಅದರ ಸಿಹಿಯನ್ನು ಇಳಿಸಿಕೊಳ್ಳುತ್ತಾರೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಂದಿಗೆ ಕುದಿಸಿದಾಗ ಕಹಿ ಸೇರುತ್ತದೆ. ತಣಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಏಲಿನ ಯೀಸ್ಟ್ ತುಸು ಬೆಚ್ಚಗಿನ ಹದದಲ್ಲಿ ಕೆಲಸ ಮಾಡಿ ಮೇಲಕ್ಕೆ ತೇಲುತ್ತದೆ. ಭಾರತದಲ್ಲಿ ಹೆಚ್ಚಾಗಿ ಮಾರಾಟವಾಗುವ ಲಾಗರ್ ಬಿಯರಿನ ಯೀಸ್ಟ್ ತಂಪಿನಲ್ಲಿ ಕೆಲಸ ಮಾಡಿ ತಳಕ್ಕೆ ಇಳಿಯುತ್ತದೆ. ಇದನ್ನೆಲ್ಲ ಅರಿತವನು ಜಾಣನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದೇ ಮೊಳಕೆಯ ವಿದ್ಯೆ ನಾಗಮಂಗಲದ ಪ್ರತಿಯೊಂದು ರಾಗಿ ಬೆಳೆಯುವ ಮನೆಯಲ್ಲಿಯೂ ಇತ್ತು, ಇಂದಿಗೂ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದದ್ದನ್ನು ಒಣಗಿಸಿ, ಹುರಿದು ಬೀಸಿ, ಎಳೆಗೂಸಿಗೆ ಸರಿ ಕಾಯಿಸಿ ಉಣಿಸುವ ಅಜ್ಜಿಗೆ ಯಾವ ಘಳಿಗೆಯಲ್ಲಿ ಮೊಳಕೆಯ ಪರಿಮಳ ಸರಿಯಾಗಿದೆ ಎಂಬುದು ಮೂಗಿನಿಂದಲೇ ತಿಳಿಯುತ್ತದೆ. ಆಲೆಮನೆಯಲ್ಲಿ ಪಾಕ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಅದು ಬೆರಳಿನಲ್ಲಿ ಉಂಡೆ ಕಟ್ಟುವ ಬಗೆಯಿಂದ ಕೊಪ್ಪರಿಗೆ ಇಳಿಸುವ ಕ್ಷಣವನ್ನು ನಿರ್ಧರಿಸುತ್ತಾನೆ. ಇವರೂ ರಸಜ್ಞರೇ. ಆದರೆ ಇವರ ರಸಜ್ಞಾನಕ್ಕೆ ಯಾರೂ ಅಂಕ ಕೊಟ್ಟಿಲ್ಲ. ಇವರ ಮೊಮ್ಮಕ್ಕಳು ಕೂಡ ಕೊಟ್ಟಿಲ್ಲ. ಅಜ್ಜಿಯ ಮೊಳಕೆಯನ್ನು ಮರೆತು ಆಂಗ್ಲರ ಮೊಳಕೆಗೆ ತಲೆದೂಗುವವನು ಅರಸಿದ್ದು ರಸವನ್ನಲ್ಲ, ಪ್ರತಿಷ್ಠೆಯನ್ನು.

ಹೋಗಲಿ, ಅವರ ರಸಜ್ಞತೆಯನ್ನು ಅವರದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಇಂಗ್ಲೆಂಡಿನಲ್ಲಿ ಏಲಿನ ಕಟ್ಟಾ ಅಭಿಮಾನಿಗಳು 1971ರಲ್ಲಿ ‘ಕ್ಯಾಮ್ರಾ’ ಎಂಬ ಚಳವಳಿಯನ್ನು ಕಟ್ಟಿದರು. ಪೀಪಾಯಿಯಲ್ಲಿ ಜೀವಂತ ಯೀಸ್ಟಿನೊಂದಿಗೆ ಹಣ್ಣಾಗಿ, ಹೊರಗಿನ ಅನಿಲದ ಒತ್ತಡವಿಲ್ಲದೆ ಇಳಿಯುವುದು ಮಾತ್ರ ನಿಜವಾದ ಏಲ್ ಎಂಬುದು ಅವರ ಮೂಲವಾದ. ಅಂಗಡಿಯ ಡಬ್ಬಿಗಳಲ್ಲಿ ಬಹುಪಾಲಿನವು ಸೋಸಿ, ಕಾಯಿಸಿ, ಯೀಸ್ಟನ್ನು ಕೊಂದು ತುಂಬಿದ ಪಾನೀಯಗಳು. ಇನ್ನು ಕೆಲವು ಡಬ್ಬಿಗಳೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಗುಂಡು ಇರುತ್ತದೆ. 1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ಉಪಾಯದಲ್ಲಿ, ಡಬ್ಬಿ ತೆರೆದೊಡನೆ ಒತ್ತಡ ಇಳಿದು ಗುಂಡಿನ ಸಣ್ಣ ರಂಧ್ರದಿಂದ ನೈಟ್ರೋಜನ್ ಚಿಮ್ಮಿ, ಪೀಪಾಯಿಯಿಂದ ಇಳಿದಂತಹ ದಟ್ಟ ನೊರೆಯನ್ನು ಎಬ್ಬಿಸುತ್ತದೆ. ತೋಟದ ಮನೆಯ ರಸಿಕ ಆ ಬೆಣ್ಣೆಯಂತಹ ನೊರೆಯನ್ನು ಕಂಡು ಬೆರಗಾಗಿ ಪೂರ್ಣಾಂಕ ಕೊಡುತ್ತಾನೆ. ಆ ಅಂಕ ನ್ಯಾಯವಾಗಿ ಸಲ್ಲಬೇಕಾದುದು ಪ್ಲಾಸ್ಟಿಕ್ ಗುಂಡಿಗೆ.

ಪೀಪಾಯಿಯ ಏಲನ್ನು ನೆಲಮಾಳಿಗೆಯ ತಂಪಿನಲ್ಲಿ, ಅಂದರೆ ಸುಮಾರು 11ರಿಂದ 13 ಡಿಗ್ರಿಯಲ್ಲಿ ಕುಡಿಯುವುದು ಆ ನಾಡಿನ ರೂಢಿ. ಈ ಸೀಮೆಯ ಬಾರುಗಳಲ್ಲಿ ಅದನ್ನು ಮಂಜುಗಡ್ಡೆಯ ಪಕ್ಕದಿಂದ ಎತ್ತಿ ಕೊಡಲಾಗುತ್ತದೆ. ಕೊರೆಯುವ ತಂಪು ನಾಲಗೆಯನ್ನು ಜೋಮು ಹಿಡಿಸಿ ಪರಿಮಳವನ್ನು ಅಡಗಿಸುತ್ತದೆ. ಅದಕ್ಕೂ ಮುನ್ನ ಆ ಡಬ್ಬಿ ಹಡಗಿನಲ್ಲಿ, ಬಂದರಿನಲ್ಲಿ, ಗೋದಾಮಿನ ಸೆಕೆಯಲ್ಲಿ ವಾರಗಟ್ಟಲೆ ಕಳೆದಿರುತ್ತದೆ. ಹಾಪ್ಸಿನ ಪರಿಮಳ ಕಾಲ ಕಳೆದಂತೆ ಕುಂದುತ್ತದೆ. ಹಳತಾದ ಬಿಯರಿಗೆ ರಟ್ಟಿನ ವಾಸನೆ ಬರುತ್ತದೆಂಬುದು ತಯಾರಕರೇ ಒಪ್ಪುವ ಮಾತು. ಸತ್ತ ಯೀಸ್ಟು, ಕೃತಕ ನೊರೆ, ಜೋಮು ಹಿಡಿದ ನಾಲಗೆ, ಕುಂದಿದ ಪರಿಮಳ. ಇಷ್ಟಾದ ಮೇಲೂ ಮೂರೂಮುಕ್ಕಾಲು ಅಂಕ! ಗುರುವೇ ಒಪ್ಪದ ಪಾಠವನ್ನು ಶಿಷ್ಯ ಗಟ್ಟಿ ಮಾಡಿ ಒಪ್ಪಿಸುತ್ತಿದ್ದಾನೆ. ಇದು ವಿದ್ಯೆಯಲ್ಲ, ವೇಷ.

‘ಶೇಕಡಾ ಐದು ಮಾತ್ರ’ ಎಂಬ ಮಾತನ್ನೂ ತೂಗಿ ನೋಡಬೇಕು. 500 ಮಿಲಿಲೀಟರಿನ ಡಬ್ಬಿಯಲ್ಲಿ ಶೇಕಡಾ 5ರಷ್ಟು ಮದ್ಯಸಾರವೆಂದರೆ 25 ಮಿಲಿಲೀಟರ್. ತೂಕದಲ್ಲಿ ಸುಮಾರು 20 ಗ್ರಾಂ. ಶೇಕಡಾ 42.8ರ ವಿಸ್ಕಿಯ 60 ಮಿಲಿಲೀಟರಿನಲ್ಲಿ, ಅಂದರೆ ಬಾರಿನ ಭಾಷೆಯ ಒಂದು ‘ಲಾರ್ಜ್’ನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಡಬ್ಬಿಯ ಗಾತ್ರ ದೊಡ್ಡದಾದುದರಿಂದ ಶೇಕಡಾವಾರು ಚಿಕ್ಕದಾಗಿ ಕಾಣುತ್ತದೆಯೇ ಹೊರತು ದೇಹಕ್ಕೆ ಸೇರುವ ವಿಷ ಚಿಕ್ಕದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ 1988ರಲ್ಲಿಯೇ ಸೇರಿಸಿತು. ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಬಾಯಿ, ಗಂಟಲು, ಯಕೃತ್ತುಗಳಿಗೆ ಏಲ್ ಯಾವುದು, ಸಾರಾಯಿ ಯಾವುದು ಎಂಬ ಭೇದ ತಿಳಿಯದು. ಆ ಭೇದ ಇರುವುದು ಸಮಾಜದ ಕಣ್ಣಿನಲ್ಲಿ ಮಾತ್ರ.

ಈ ಸಮಾಜದ ಕಣ್ಣೇ ಇಲ್ಲಿನ ನಿಜವಾದ ಆರೋಪಿ. ಈ ಸೀಮೆಗೆ ಆಂಗ್ಲರ ಪಾನೀಯ ಬಂದ ದಾರಿಯನ್ನು ನೆನೆದರೆ ಇದು ವಿಶದವಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಬಳಿಕ ಅಲ್ಲಿ ಕಂಪನಿಯ ಸೈನ್ಯ ನೆಲೆ ನಿಂತಿತು. ಜ್ವರದ ಬಾಧೆಯಿಂದ 1809ರಲ್ಲಿ ಆ ನೆಲೆಯನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಪಾಂಡವಪುರಕ್ಕೆ ಹಿರೋಡೆ ಎಂಬ ಹಳೆಯ ಹೆಸರಿದ್ದಂತೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಇತ್ತು. ಹೈದರ್ ಮತ್ತು ಟಿಪ್ಪುವಿನ ಪರವಾಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಬಂಡೆಗಳ ಊರು ಅದು. ಮುಂದೆ ಅಲ್ಲಿಯೂ ಬ್ರಿಟಿಷರ ದಂಡು ಇತ್ತು. ಅದೇ ಕಾಲದಲ್ಲಿ ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ನನ ಬ್ರೂವರಿಯಿಂದ, 1820ರ ದಶಕದ ನಂತರ ಬರ್ಟನ್ ಪಟ್ಟಣದಿಂದ, ಪೇಲ್ ಏಲಿನ ಪೀಪಾಯಿಗಳು ಹಡಗೇರಿ ಭಾರತಕ್ಕೆ ಬರುತ್ತಿದ್ದವು. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಹುಟ್ಟಿದ್ದು ಆ ವ್ಯಾಪಾರದಿಂದಲೇ. ಬೆಲೆಬಾಳುವ ಏಲ್ ಮುಖ್ಯವಾಗಿ ಅಧಿಕಾರಿಯ ಮೇಜಿನದು. ಸಾಮಾನ್ಯ ಸೈನಿಕನ ಪಾಲಿನ ಪಡಿತರ ಸಾರಾಯಿ. ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸಿಮೆಟ್ರಿಯಲ್ಲಿ ಸುಮಾರು 300 ಸಮಾಧಿಗಳಿವೆ. ಅಲ್ಲಿ ಅಧಿಕಾರಿಯೂ ಅವನ ಮನೆಯವರೂ ಒಂದೇ ಮಣ್ಣಿನಲ್ಲಿ ಮಲಗಿದ್ದಾರೆ. ದರ್ಜೆಯನ್ನು ಪಾನೀಯದಿಂದ ಅಳೆಯುವ ಬುದ್ಧಿ ಮಾತ್ರ ಸಮಾಧಿಯಾಗಲಿಲ್ಲ. ಅದು ಉಳಿಯಿತು, ಬೆಳೆಯಿತು.

1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. ಬ್ರಿಟಿಷ್ ದಂಡುಗಳಿಗೆ ಬಿಯರ್ ಒದಗಿಸುವ ವ್ಯಾಪಾರ ಹೀಗೆ ಕನ್ನಡ ನೆಲದಲ್ಲಿ ಬೇರೂರಿತು. ಸ್ವಾತಂತ್ರ್ಯಾನಂತರ ಸಂವಿಧಾನದ 47ನೇ ವಿಧಿಯು ಮಾದಕ ಪಾನೀಯಗಳ ನಿಷೇಧಕ್ಕೆ ಯತ್ನಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶನ ನೀಡಿತು. ಆದರೆ ಕರ್ನಾಟಕದ 2025-26ರ ಮುಂಗಡಪತ್ರ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಸುಂಕದ ಬಂಕಣ್ಣನವರೂ ಸುಂಕ ವಸೂಲಿಯ ಕಾಯಕದವರೇ. ಆದರೆ ಆ ಕಾಯಕವನ್ನು ಅವರು ಅಂತರಂಗದ ಪರೀಕ್ಷೆಯನ್ನಾಗಿ ಮಾಡಿಕೊಂಡರು. ಇಂದಿನ ಸುಂಕಕ್ಕೆ ಅಂತಹ ಪರೀಕ್ಷೆಯಿಲ್ಲ, ಗುರಿ ಮಾತ್ರ ಇದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕೂಲಿಯವನ ಪ್ಯಾಕೆಟ್ಟು ಹೋಯಿತು. ಅನೇಕ ತಾಯಂದಿರು ನಿಟ್ಟುಸಿರು ಬಿಟ್ಟರು. ಆ ನಿರ್ಧಾರ ಸರಿಯಾದದ್ದೇ. ಆದರೆ ಅದರೊಂದಿಗೆ ಒಂದು ವಿಚಿತ್ರ ನ್ಯಾಯವೂ ಸ್ಥಾಪಿತವಾಯಿತು. ಬಡವ ಕುಡಿದರೆ ಅದು ಸಾಮಾಜಿಕ ಪಿಡುಗು, ಸಿರಿವಂತ ಕುಡಿದರೆ ಅದು ಅಭಿರುಚಿ. ತೆಂಗಿಗೆ ನುಸಿಪೀಡೆ ತಗುಲಿ ಹಳೆಯ ಮೈಸೂರಿನ ರೈತ ಕಂಗಾಲಾದಾಗ, ತನ್ನ ಮರದಿಂದ ನೀರಾ ಇಳಿಸುವ ಹಕ್ಕನ್ನು ಕೇಳಿದ. ಹುಳಿಯುವ ಮುನ್ನ ನೀರಾ ಅಮಲೇರಿಸದ ಸಿಹಿ ಪಾನೀಯ. ಆದರೂ ಆ ಹೋರಾಟದಲ್ಲಿ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗುಂಡು ಹಾರಿತು. ತೆಂಗಿನ ಸಿಹಿನೀರನ್ನು ಕೇಳಿದವನಿಗೆ ಗುಂಡು. ಆಂಗ್ಲರ ಡಬ್ಬಿಗೆ ಅಂಕ, ತಾರೆ, ಪ್ರಶಂಸೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ವಿಸ್ಕಿ ಮತ್ತು ಜಿನ್ನಿನ ಆಮದು ಸುಂಕವನ್ನು ಶೇಕಡಾ 150ರಿಂದ 75ಕ್ಕೆ, ಮುಂದೆ ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸಲು ಒಪ್ಪಲಾಗಿದೆ. ಇಂತಹ ಅತಿಥಿಗಳಿಗೆ ಬಾಗಿಲು ಇನ್ನಷ್ಟು ಅಗಲವಾಗಿ ತೆರೆಯಲಿದೆ.

ಕುಲದ ಮೇಲು ಕೀಳನ್ನು ಅಳಿಸಿದ ಧರ್ಮದ ಮಕ್ಕಳು ಕುಡಿತದಲ್ಲಿ ಮೇಲು ಕೀಳನ್ನು ಹುಟ್ಟುಹಾಕಬಹುದೇ? ಕೆರೆಯ ಏರಿಯ ಮೇಲೆ ಕ್ವಾರ್ಟರ್ ಕುಡಿದು ಬಿದ್ದವನನ್ನು ಕಂಡು ಮೂಗು ಮುಚ್ಚಿಕೊಳ್ಳುವವನು, ತನ್ನ ಲೋಟದ ವಾಸನೆಯನ್ನು ಮೂಗಿಗೇರಿಸಿಕೊಂಡು ಅಂಕ ಕೊಡುತ್ತಾನೆ. ಇಬ್ಬರ ರಕ್ತದಲ್ಲಿಯೂ ಹರಿಯುವುದು ಒಂದೇ ಮದ್ಯಸಾರ. ಒಬ್ಬನಿಗೆ ಪಶ್ಚಾತ್ತಾಪವಾದರೂ ಇದೆ. ಬೆಳಗಾದರೆ ಹೆಂಡತಿಯ ಮುಖ ನೋಡಲು ಅಂಜುತ್ತಾನೆ. ಇನ್ನೊಬ್ಬನಿಗೆ ಅದೂ ಇಲ್ಲ, ಹೆಮ್ಮೆ ಇದೆ. ತಪ್ಪನ್ನು ತಪ್ಪೆಂದು ಅರಿತವನು ಗುರುವಿನ ಬಾಗಿಲಿಗೆ ಹತ್ತಿರದಲ್ಲಿದ್ದಾನೆ. ತಪ್ಪಿಗೆ ಅಂಕ ಕೊಟ್ಟು ಚೌಕಟ್ಟು ಹಾಕಿಸಿದವನು ಬಹುದೂರ ಸಾಗಿದ್ದಾನೆ.

ಇಲ್ಲಿಂದ ಮುಂದೆ ವಿಚಾರ ಅಂಗಡಿಯಿಂದ ಅಂಗಕ್ಕೆ ಬರಬೇಕು. ಬಿಯರಿನ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಒಂದು ಸಂಸ್ಥೆ ಅಮೆರಿಕದಲ್ಲಿ 1985ರಿಂದ ಇದೆ. ಅದರ ಅಂಕಪಟ್ಟಿ ಒಟ್ಟು 50 ಅಂಕಗಳದು. ಗಂಧಕ್ಕೆ 12, ರೂಪಕ್ಕೆ 3, ರುಚಿಗೆ 20, ಬಾಯಿಯೊಳಗಿನ ಸ್ಪರ್ಶಕ್ಕೆ 5, ಒಟ್ಟಾರೆ ತೃಪ್ತಿಗೆ 10. ಷಟ್‌ಸ್ಥಲವನ್ನು ಅಭ್ಯಾಸ ಮಾಡಿದ ಸದ್ಭಕ್ತರಿಗೆ ಈ ಪಟ್ಟಿಯನ್ನು ಕಂಡೊಡನೆ ಬೇರೊಂದು ಪಟ್ಟಿ ನೆನಪಾಗದೆ ಇರದು. ಚೆನ್ನಬಸವಣ್ಣನವರು ಮೊದಲಾದ ಶರಣರು ನಿರೂಪಿಸಿದ ಅರ್ಪಣದ ಕ್ರಮದಲ್ಲಿ ಮೂಗಿನ ಮುಖದಿಂದ ಗಂಧವು ಆಚಾರಲಿಂಗಕ್ಕೆ, ನಾಲಗೆಯ ಮುಖದಿಂದ ರುಚಿಯು ಗುರುಲಿಂಗಕ್ಕೆ, ಕಣ್ಣಿನ ಮುಖದಿಂದ ರೂಪು ಶಿವಲಿಂಗಕ್ಕೆ, ಚರ್ಮದ ಮುಖದಿಂದ ಸ್ಪರ್ಶವು ಜಂಗಮಲಿಂಗಕ್ಕೆ, ಕಿವಿಯ ಮುಖದಿಂದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದ ಮುಖದಿಂದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲುತ್ತವೆ. ಇಂದ್ರಿಯಗಳನ್ನು ಶರಣರು ಶತ್ರುಗಳೆಂದು ಬಗೆಯಲಿಲ್ಲ. ಅವುಗಳನ್ನು ಲಿಂಗದ ಮುಖಗಳನ್ನಾಗಿ ಮಾಡಿದರು. ಹೊರಗಿನ ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗಿ ಅಂಗಕ್ಕೆ ಬರುತ್ತದೆ.

ಆದ್ದರಿಂದ ರುಚಿ ನೋಡುವುದೇ ಪಾಪವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ರುಚಿಯನ್ನು ಇಷ್ಟು ಗಂಭೀರವಾಗಿ ಪರಿಗಣಿಸಿ, ಅದಕ್ಕೆ ಗುರುವಿನ ಸ್ಥಾನವನ್ನೇ ಮೀಸಲಿಟ್ಟ ಪರಂಪರೆ ಇದು. ಪ್ರಶ್ನೆ ಇರುವುದು ದಿಕ್ಕಿನದು. ಅರ್ಪಣದಲ್ಲಿ ಇಂದ್ರಿಯ ಕೊಡುತ್ತದೆ. ಅಂಕಪಟ್ಟಿಯಲ್ಲಿ ಇಂದ್ರಿಯ ಕೇಳುತ್ತದೆ. ಅರ್ಪಿಸುವವನು ‘ಇದು ನಿನಗೆ ಸಲ್ಲುವಂತಿದೆಯೇ?’ ಎಂದು ಲಿಂಗವನ್ನು ಕೇಳುತ್ತಾನೆ. ಅಂಕ ಕೊಡುವವನು ‘ಇದು ನನಗೆ ಸಾಕಾಯಿತೇ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ದೀಕ್ಷೆಯ ಸಮಯದಲ್ಲಿ ಮದ್ಯವನ್ನು ವರ್ಜಿಸಿದವನು ಆ ಲೋಟವನ್ನು ಇಷ್ಟಲಿಂಗದ ಮುಂದೆ ಹಿಡಿಯಬಲ್ಲನೇ? ಹಿಡಿಯಲು ಕೈ ನಡುಗುವುದಾದರೆ, ಕೈಗಿರುವ ಅರಿವು ನಾಲಗೆಗೆ ಏಕೆ ಇಲ್ಲ? ಅರ್ಪಿಸಲಾಗದುದು ಪ್ರಸಾದವಾಗದು. ಪ್ರಸಾದವಲ್ಲದುದಕ್ಕೆ ಐವತ್ತಕ್ಕೆ ಐವತ್ತು ಬಂದರೂ ಅದು ಸೊನ್ನೆಯೇ.

ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮೂಗು ಇದೆ, ಕಣ್ಣಿದೆ, ನಾಲಗೆ ಇದೆ, ಸ್ಪರ್ಶವಿದೆ, ತೃಪ್ತಿಯೂ ಇದೆ. ಅಂಕಪಟ್ಟಿಯಲ್ಲಿ ಇಲ್ಲದಿರುವುದು ಕಿವಿ. ಶಬ್ದಕ್ಕೆ ಅಲ್ಲಿ ಅಂಕವಿಲ್ಲ. ತೋಟದ ಮನೆಯಲ್ಲಿ ಡಬ್ಬಿ ತೆರೆದ ಸದ್ದಿಗೆ ಒಳಮನೆಯಲ್ಲಿ ಪಾತ್ರೆ ಕೆಳಗಿಟ್ಟು ಸುಮ್ಮನಾದ ತಾಯಿಯ ಮೌನ ಆ ಪಟ್ಟಿಯಲ್ಲಿ ದಾಖಲಾಗುವುದಿಲ್ಲ. ‘ಅಪ್ಪಾಜಿ ಏನು ಕುಡೀತಿದ್ದಾರೆ?’ ಎಂದು ಕೇಳುವ ಮಗುವಿನ ಪ್ರಶ್ನೆಗೆ ಅಲ್ಲಿ ಕಾಲಂ ಇಲ್ಲ. ‘ಯಾರಿಗೂ ತೊಂದರೆಯಿಲ್ಲ’ ಎನ್ನುವವನು ಕಿವಿಯನ್ನು ಹೊರಗಿಟ್ಟು ತೀರ್ಪು ಬರೆದಿದ್ದಾನೆ. ಷಟ್‌ಸ್ಥಲದಲ್ಲಿ ಕಿವಿಯೇ ಪ್ರಸಾದಲಿಂಗದ ಮುಖ. ಕಿವಿಯನ್ನು ಬಿಟ್ಟ ಊಟ ಪ್ರಸಾದವಾಗುವುದಾದರೂ ಹೇಗೆ?

ಇಷ್ಟು ಹೇಳಿದಾಗ ಕೆಲವರು ಹೆಂಡದ ಮಾರಯ್ಯನವರನ್ನು ಮುಂದೆ ತರುತ್ತಾರೆ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದ ಆ ಶರಣರು ಹೆಂಡ ಮಾರುವ ಕಾಯಕದವರಲ್ಲವೇ, ಹೆಂಡದ ಮಡಕೆಯೂ ಅನುಭವ ಮಂಟಪದ ಬಾಗಿಲಿಗೆ ಬಂದಿತ್ತಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ, ಉತ್ತರ ಇನ್ನೂ ಚೆನ್ನಾಗಿದೆ. ಮಾರಯ್ಯನವರು ಮಂಟಪಕ್ಕೆ ತಂದುದು ಮಡಕೆಯೊಳಗಿನ ಹೆಂಡವನ್ನಲ್ಲ. ಹೆಂಡದ ಮೂಲಕ ತಾವು ಕಂಡ ಲೋಕದ ಅಮಲನ್ನು. ಸಮಾಜ ಕೀಳೆಂದು ತಳ್ಳಿದ ಕಸುಬಿನವನನ್ನು ಶರಣರು ಅಪ್ಪಿಕೊಂಡರು. ಅವನ ಕಸುಬಿನ ಭಾಷೆಯಲ್ಲಿಯೇ ಅರಿವನ್ನು ಹೇಳುವ ಅವಕಾಶ ಕೊಟ್ಟರು. ಹೆಂಡ ಮಾರುವವನು ಶರಣನಾದುದು ಆ ಕಥೆಯ ಸಾರ. ಶರಣನ ಮಗ ಹೆಂಡದ ಪರೀಕ್ಷಕನಾಗುವುದು ಅದರ ತಿರುಗುಮುರುಗು. ಮಾರಯ್ಯನವರ ಹೆಸರನ್ನು ಡಬ್ಬಿಯ ಮೇಲೆ ಅಂಟಿಸಲು ಬರುವುದಿಲ್ಲ.

ಆದರೆ ಮಕ್ಕಳನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹಿರಿಯರೂ ಉತ್ತರ ಕೊಡಬೇಕಾಗಿದೆ. ಕಾರ್ಖಾನೆಗೆ ಸಾಗಿದ ಕಬ್ಬಿನಿಂದ ಸಕ್ಕರೆ ಮಾತ್ರ ಬರುವುದಿಲ್ಲ, ಕಾಕಂಬಿಯೂ ಬರುತ್ತದೆ. ಈ ದೇಶದ ಅಗ್ಗದ ಮದ್ಯಕ್ಕೆ ಆಧಾರವಾದ ಮದ್ಯಸಾರ ಬಹಳ ಕಾಲದಿಂದ ತಯಾರಾಗುತ್ತಿರುವುದು ಅದೇ ಕಾಕಂಬಿಯಿಂದ. ನಾಲೆಯ ನೀರು, ಭಕ್ತನ ಬೆವರು, ಕಾರ್ಖಾನೆಯ ಕಾಕಂಬಿ, ಬಾರಿನ ಬಾಟಲಿ ಒಂದೇ ದಾರದ ಮಣಿಗಳಾಗಿವೆ. ಬೆಳೆದವನಿಗೆ ಬೇರೆ ದಾರಿ ಕಡಿಮೆ ಎಂಬುದು ನಿಜ. ಆದರೂ ಆ ದಾರವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದು ಸಲ್ಲದು. ಅಂತೆಯೇ, ಬಾರು ನಡೆಸಿದ ಹಣದಿಂದ ದಾಸೋಹಕ್ಕೆ ಅಕ್ಕಿಯ ಮೂಟೆ ಬಂದಾಗ ಯಾವ ಮಠವೇ ಆಗಲಿ ‘ಇದು ಎಂತಹ ಕಾಯಕದ ಹಣ?’ ಎಂದು ಕೇಳಬೇಕು. ಮಾರಯ್ಯನ ಪತ್ನಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಆಯ್ದಕ್ಕಿ ಮಾರಯ್ಯನಿಗೆ ಹೇಳಿದಳೆಂಬ ಕಥೆಯನ್ನು ಪ್ರವಚನದಲ್ಲಿ ಹೇಳಿದರೆ ಸಾಲದು.

ಮನೆಗಳಲ್ಲಿಯೂ ಒಂದು ಸಡಿಲಿಕೆ ನುಸುಳಿದೆ. ವರನನ್ನು ನೋಡುವಾಗ ‘ಸೋಷಿಯಲ್ ಡ್ರಿಂಕಿಂಗ್ ಅಷ್ಟೇ’ ಎಂಬ ಮಾತನ್ನು ಹೆಣ್ಣಿನ ತಂದೆ ಈಗ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದಾನೆ. ಹುಡುಗನ ಸಂಬಳ ದೊಡ್ಡದಾದಷ್ಟೂ ‘ಅಷ್ಟೇ’ ಎಂಬ ಪದದ ಅಳತೆ ಹಿಗ್ಗುತ್ತದೆ. ಮಗ ವಿದೇಶದ ಹತ್ತು ಏಲುಗಳ ಹೆಸರು ಹೇಳಿದಾಗ ತಂದೆಯ ಮುಖದಲ್ಲಿ ಮೂಡುವ ಕಿರುನಗೆಯೇ ಆ ಮಗನಿಗೆ ಸಿಕ್ಕ ಮೊದಲ ಅಂಕ. ಆ ತಂದೆಯ ಹೊಲದಲ್ಲಿ ದುಡಿಯುವ ಕೂಲಿಯಾಳು ಸಂಜೆ ಕುಡಿದು ಬಂದರೆ ಮಾತ್ರ ಅದೇ ಮುಖ ಕೆಂಪಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆಮದಿನ ಒಂದು ಡಬ್ಬಿಗೆ ನಗರದ ಹಲವೆಡೆ ತೆರುವ ಹಣ ಅದಕ್ಕೆ ಸಮೀಪದ್ದು. ಒಬ್ಬನ ಒಂದು ದಿನದ ಕಾಯಕವನ್ನು ಅರ್ಧ ಘಂಟೆಯಲ್ಲಿ ಕುಡಿದು, ಅದಕ್ಕೆ ಐದಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ವಿದ್ಯೆಯನ್ನು ಯಾವ ಶರಣರೂ ಕಲಿಸಲಿಲ್ಲ.

ಅಂಕ ಕೊಡುವ ಚಟ ಒಳ್ಳೆಯ ವಸ್ತುವನ್ನೂ ಹೇಗೆ ಕೆಡಿಸುತ್ತದೆಂಬುದಕ್ಕೆ ಈ ಸೀಮೆಯ ಬೆಲ್ಲವೇ ಸಾಕ್ಷಿ. ಕೊಳ್ಳುವವರು ಬಣ್ಣಕ್ಕೆ ಮಾತ್ರ ಬೆಲೆ ಕೊಡತೊಡಗಿದಾಗ, ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಬಿತ್ತು. ಬೆಲ್ಲ ಹೊಂಬಣ್ಣಕ್ಕೆ ತಿರುಗಿತು, ಗುಣ ಕೆಟ್ಟಿತು. ಕಪ್ಪಗಿನ ಶುದ್ಧ ಬೆಲ್ಲ ಮೂಲೆಗೆ ಸೇರಿ, ಈಗ ‘ಆರ್ಗ್ಯಾನಿಕ್’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮರಳಿ ಬರುತ್ತಿದೆ. ಕಣ್ಣಿಗೆ ಅಂಕ ಕೊಟ್ಟರೆ ನಾಲಗೆ ಮೋಸಹೋಗುತ್ತದೆ. ನಾಲಗೆಗೆ ಅಂಕ ಕೊಟ್ಟರೆ ಹೃದಯ ಮೋಸಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಊರಿಗೆ ಬಂದ ಮಗನನ್ನು ಗದರಿಸಿ ಅಟ್ಟುವುದಲ್ಲ. ಅಟ್ಟಿದರೆ ಅವನು ಬಾರಿಗೇ ಹೋಗುತ್ತಾನೆ. ಅವನಲ್ಲಿರುವ ಪರೀಕ್ಷಕನನ್ನು ಆಲೆಮನೆಗೆ ಕರೆದೊಯ್ಯಬೇಕು. ಒಲೆಯ ಪಕ್ಕದಲ್ಲಿ ನಿಲ್ಲಿಸಿ, ಹಾಲು ಉಕ್ಕಿ, ಕಲ್ಮಶ ಮೇಲೆ ಬಂದು, ಪಾಕ ಹದಗೊಳ್ಳುವ ವಾಸನೆಯನ್ನು ಗುರುತಿಸಲು ಹೇಳಬೇಕು. ಅಜ್ಜಿಯ ಪಕ್ಕದಲ್ಲಿ ಕೂರಿಸಿ ಮೊಳಕೆ ಬಂದ ರಾಗಿಯ ಬಟ್ಟೆಯನ್ನು ಬಿಚ್ಚಿಸಬೇಕು. ಮಹಾಶಿವರಾತ್ರಿಯ ಆಸುಪಾಸಿನಲ್ಲಿ ನಡೆಯುವ ಬೇಬಿಬೆಟ್ಟದ ದನಗಳ ಜಾತ್ರೆಯಲ್ಲಿ, ಎತ್ತಿನ ಬೆನ್ನು ಸವರಿಯೇ ಅದರ ಆರೋಗ್ಯ ಹೇಳುವ ರೈತನ ಕೈಯನ್ನು ತೋರಿಸಬೇಕು. ಇಂದ್ರಿಯಗಳು ಇಷ್ಟು ಸೂಕ್ಷ್ಮವಾಗಿದ್ದೂ ಅಂಗವನ್ನು ಕೆಡಿಸದೆ ಬಾಳುವ ಬಗೆಯನ್ನು ಅವನು ಅಲ್ಲಿ ಕಣ್ಣಾರೆ ಕಾಣುತ್ತಾನೆ.

ಅದರೊಡನೆ ಹಿರಿಯರು ತಮ್ಮ ನ್ಯಾಯದ ತಕ್ಕಡಿಯನ್ನೂ ಸರಿಪಡಿಸಿಕೊಳ್ಳಬೇಕು. ಕೂಲಿಯವನ ಕುಡಿತಕ್ಕೆ ಬೈಗುಳ, ಮಗನ ಕುಡಿತಕ್ಕೆ ಕಿರುನಗೆ ಎಂಬ ಎರಡು ತೂಕದ ಕಲ್ಲುಗಳನ್ನು ಎಸೆಯಬೇಕು. ಇಬ್ಬರಿಗೂ ಒಂದೇ ಕರುಣೆ, ಒಂದೇ ನಿಷ್ಠುರ ಇರಬೇಕು. ಕುಡಿತಕ್ಕೆ ಸಿಲುಕಿದ ಬಡವನನ್ನು ಚಿಕಿತ್ಸೆಗೆ ಕರೆದೊಯ್ಯುವ ಕೆಲಸವೂ ದಾಸೋಹವೇ ಎಂದು ತಿಳಿಯಬೇಕು. ಇಷ್ಟಾಗದೆ ಡಬ್ಬಿಯನ್ನು ಹಳಿಯುವುದು ಬರಿಯ ಬಾಯಿಮಾತಾದೀತು.

ಮೊಬೈಲಿನಲ್ಲಿ ಅಂಕ ನಮೂದಿಸುವ ಮುನ್ನ ಆ ಯುವಕ ಒಂದು ಕ್ಷಣ ಎದೆಯ ಮೇಲಿನ ಇಷ್ಟಲಿಂಗವನ್ನು ಮುಟ್ಟಿ ನೋಡಿಕೊಳ್ಳಲಿ. ಅಲ್ಲಿ ಗಂಧಕ್ಕೆ ಹನ್ನೆರಡು, ರುಚಿಗೆ ಇಪ್ಪತ್ತು ಎಂಬ ಲೆಕ್ಕವಿಲ್ಲ. ಅರ್ಪಿತವಾಯಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಇದೆ. ಆ ಪ್ರಶ್ನೆಗೆ ಉತ್ತರ ಬಂದ ದಿನ ಡಬ್ಬಿ ತಾನಾಗಿಯೇ ಕೈಯಿಂದ ಜಾರುತ್ತದೆ. ನಾಲಗೆ ಮತ್ತೆ ಗುರುವಿನ ಮುಖವಾಗುತ್ತದೆ.